ಓದಿ ತೋರಿಸುವ ಹುಡುಗಿ

ಜೀಪು ಬಂತೆಂದರೆ ಮೊದಲು ಎದ್ದು ನಿಲ್ಲಬೇಕಾದವಳು ಮುದ್ದಕ್ಕ. ಯಾರ ಜೀಪು ಅನ್ನುವುದು ಲೆಕ್ಕಕ್ಕಿರಲಿಲ್ಲ. ಚಿತ್ರದುರ್ಗದ ಸಾಹೇಬರಾಗಲಿ, ಬೆಂಗಳೂರಿನ ಕನ್ನಡಕದವರಾಗಲಿ, ದಿಲ್ಲಿಯಿಂದ ಬಂದ ಗಿಡ್ಡ ಕೂದಲಿನ ಹೆಂಗಸಾಗಲಿ, ಅವರು ಕುರ್ಚಿಯಲ್ಲಿ ಕೂತು ಎಳನೀರು ಕುಡಿದು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಕಮಲಾಕ್ಷಮ್ಮ ಟೀಚರ್ ಹಿಂದಿನಿಂದ ಅವಳ ಭುಜ ತಟ್ಟುತ್ತಿದ್ದರು. ಮುದ್ದಕ್ಕ ಐದನೇ ತರಗತಿಯ ಪುಸ್ತಕ ಹಿಡಿದು ಒಂದು ಪಾಠ ಓದುತ್ತಿದ್ದಳು. ಎಲ್ಲೂ ತಡವರಿಸುತ್ತಿರಲಿಲ್ಲ. ಓದು ಮುಗಿದ ಮೇಲೆ ಟೀಚರ್ ಕಲಿಸಿಕೊಟ್ಟ ಮಾತು ಹೇಳುತ್ತಿದ್ದಳು: “ನಾನು ಮಗ್ಗದಲ್ಲಿ ಕೆಲಸ ಮಾಡುತ್ತಿದ್ದೆ. ಸರ್ಕಾರ ನನ್ನನ್ನು ಬಿಡಿಸಿ ಶಾಲೆಗೆ ಸೇರಿಸಿತು. ಈಗ ನಾನು ಓದಬಲ್ಲೆ.”

ದಿಲ್ಲಿಯ ಹೆಂಗಸು ಇದನ್ನು ಪಕ್ಕದವರಿಂದ ಇಂಗ್ಲಿಷಿನಲ್ಲಿ ಹೇಳಿಸಿಕೊಂಡು ಕಣ್ಣೊರೆಸಿಕೊಂಡಿದ್ದಳು. ಅದನ್ನು ನೋಡಿ ಮುದ್ದಕ್ಕನಿಗೆ ಸೋಜಿಗವಾಗಿತ್ತು. ಮಗ್ಗದ ಮನೆಯಲ್ಲಿದ್ದಾಗ ತನ್ನ ಅವ್ವನೇ ಅತ್ತಿರಲಿಲ್ಲ.

ಶಾಲೆಯೆಂದರೆ ಸೋಮಶೇಖರಪ್ಪನವರ ಹಳೆಯ ಶೇಂಗಾ ಗೋಡೌನು. ಬಿಡಿಸಿ ತಂದ ಬಾಲಕಾರ್ಮಿಕರಿಗಾಗಿ ಸರ್ಕಾರ ಕೊಡುವ ಹಣದಲ್ಲಿ ಒಂದು ಸಂಸ್ಥೆ ಅದನ್ನು ನಡೆಸುತ್ತಿತ್ತು. ಸಂಸ್ಥೆಯ ಅಧ್ಯಕ್ಷರೂ ಸೋಮಶೇಖರಪ್ಪನವರೇ, ಗೋಡೌನಿನ ಬಾಡಿಗೆ ಪಡೆಯುವವರೂ ಅವರೇ. ಮಧ್ಯಾಹ್ನ ಅನ್ನ ಸಾರು ಹಾಕುತ್ತಿದ್ದರು. ಮಕ್ಕಳಿಗೆ ತಿಂಗಳು ತಿಂಗಳು ಕೊಡಬೇಕಾದ ದುಡ್ಡು ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಬರುತ್ತಿತ್ತು. ಮಳೆ ಹನಿದರೆ ಗೋಡೆಯಿಂದ ಮುಗ್ಗಲು ಶೇಂಗಾದ ವಾಸನೆ ಏಳುತ್ತಿತ್ತು. ಹಾಗಿದ್ದರೂ ಮಕ್ಕಳು ಬರುತ್ತಿದ್ದರು. ಅನ್ನ ಸುಳ್ಳಾಗಿರಲಿಲ್ಲ.

ಮುದ್ದಕ್ಕ ಏಳು ವರ್ಷಕ್ಕೆ ಮಗ್ಗದ ಪಕ್ಕ ಕೂತವಳು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ನೇಕಾರ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಆಚೆ ಅಂಚಿನ ಲಾಳಿಯನ್ನು ತೂರಿ ಕೊಡಲು ಪಕ್ಕದಲ್ಲಿ ಇನ್ನೊಂದು ಜೊತೆ ಕೈ ಬೇಕು. ಅದಕ್ಕೆ ಬಲ ಬೇಡ, ಬೆಳೆದವರ ಕೂಲಿಯೂ ಬೇಡ. ಸಣ್ಣ ಕೈ ಸಾಕು. ಹಾಗೆ ಅವಳು ರಾಜಣ್ಣನೆಂಬ ನೇಕಾರನ ಮನೆಯಲ್ಲಿ ಕೂತಿದ್ದಾಗ ಜೀಪು ಬಂತು, ಅಧಿಕಾರಿಗಳು ಎಬ್ಬಿಸಿಕೊಂಡು ಹೋದರು. ರಾಜಣ್ಣ ದಂಡ ಕಟ್ಟಿದ. ಮುದ್ದಕ್ಕ ಗೋಡೌನಿಗೆ ಬಂದಳು. ಅಕ್ಷರ ಅವಳಿಗೆ ಬೇಗ ಹತ್ತಿತು. ಮೂರನೇ ವರ್ಷಕ್ಕೆ ಅಲ್ಲಿ ಅವಳಷ್ಟು ಓದುವವರು ಇನ್ನೊಬ್ಬರಿರಲಿಲ್ಲ.

ಅವಳ ತಲೆಯಲ್ಲಿ ಈಗ ಕೂತಿದ್ದು ಒಂದೇ: ಚಳ್ಳಕೆರೆಯ ವಸತಿ ಶಾಲೆ. ಆರನೇ ತರಗತಿಗೆ ಅಲ್ಲಿ ಸೇರಿಸಿಕೊಳ್ಳುತ್ತಾರೆ, ಊಟ ಬಟ್ಟೆ ಪುಸ್ತಕ ಎಲ್ಲ ಅವರದೇ, ಇಂಥ ಶಾಲೆಯ ಮಕ್ಕಳಿಗೆಂದೇ ಒಂದೆರಡು ಜಾಗ ಇಟ್ಟಿರುತ್ತಾರೆ ಎಂದು ಅವಳಿಗೆ ಹೇಳಿದವಳು ಅದೇ ಬೀದಿಯ ಓಬಕ್ಕ. ರಾಂಪುರದ ಅಜ್ಜಿಮನೆಯಲ್ಲಿದ್ದು ಅಲ್ಲಿಯ ಇಂಥದೇ ಕೇಂದ್ರದಿಂದ ಆಯ್ಕೆಯಾಗಿ ಹೋಗಿದ್ದ ಓಬಕ್ಕ ದಸರಾ ರಜೆಗೆ ಬಂದಾಗ ಕೈಯಲ್ಲಿ ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು, ಅದಕ್ಕೊಂದು ಬೀಗ. ಬೀದಿಯಲ್ಲಿ ಬೀಗ ಹಾಕುವಂಥ ಸಾಮಾನು ಯಾವ ಹುಡುಗಿಗೂ ಇರಲಿಲ್ಲ. ಒಂದು ಕಟ್ಟಳೆಯಿತ್ತು. ಹನ್ನೆರಡು ದಾಟಿದವರನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಮುದ್ದಕ್ಕ ಯಾವತ್ತು ಹುಟ್ಟಿದಳೆಂದು ಅವಳ ಅವ್ವನಿಗೇ ಗೊತ್ತಿಲ್ಲದ್ದರಿಂದ ಟೀಚರ್ ಎಲ್ಲರಿಗೂ ಬರೆದ ಹಾಗೆ ಅವಳಿಗೂ ಜೂನ್ ಒಂದು ಅಂತ ಬರೆದಿದ್ದರು. ಆ ಲೆಕ್ಕದಲ್ಲಿ ಈ ಸಲ ಹೋದರೆ ಹೋದಳು, ಇಲ್ಲದಿದ್ದರೆ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದಳು.

“ಟೀಚರ್, ಈ ಸಲ ಚಳ್ಳಕೆರೆಗೆ ನಂದು ಹೆಸರು ಬರೀರಿ ಟೀಚರ್.”

ಕಮಲಾಕ್ಷಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅಡುಗೆಯವಳು ಬಂದಿರಲಿಲ್ಲ. ತಲೆ ಎತ್ತದೆ ನಕ್ಕರು.

“ನಿನ್ನ ಕಳಿಸಿಬಿಟ್ಟು ಬಂದೋರ ಮುಂದೆ ಯಾರನ್ನೇ ನಿಲ್ಲಿಸ್ಲಿ? ಆ ತಿಪ್ಪೇಶನ್ನಾ? ಅವನು ಅ ಬರಿ ಅಂದ್ರೆ ಕೋಳಿ ಬರೀತಾನೆ.”

“ಹೋದ ವರ್ಷ ಮೂರು ಜನನ್ನ ಕಳಿಸಿದ್ರಲ್ಲ.”

“ಅವರನ್ನ ಇಲ್ಲೇ ಸರ್ಕಾರಿ ಶಾಲೆಗೆ ಕಳಿಸಿದ್ದು. ವರ್ಷಕ್ಕಿಷ್ಟು ಜನನ್ನ ದೊಡ್ಡ ಶಾಲೆಗೆ ದಾಟಿಸ್ಲೇಬೇಕು ಅಂತ ರೂಲ್ಸ್ ಐತೆ, ದಾಟಿಸ್ದೆ.” ಒಂದು ಕಲ್ಲು ಆರಿಸಿ ಆಚೆ ಎಸೆದರು. “ಈ ಸೆಂಟರ್ ಮುಚ್ಚಿದ್ರೆ ನಂಗೆ ಮನೆ, ನಿಮಗೆ ಮಗ್ಗ. ತಿಳ್ಕ. ಹೋಗು, ಸಣ್ಣೋರಿಗೆ ಮಗ್ಗಿ ಹೇಳಿಸು.”

ಟೀಚರ್ ಕೆಟ್ಟವರೇನಲ್ಲ. ಅವರಿಗೆ ಐದು ತಿಂಗಳಿಂದ ಗೌರವಧನ ಬಂದಿರಲಿಲ್ಲ. ಹಿಂದಿನ ವರ್ಷ ಅವರು ದಾಟಿಸಿದ ಮೂವರು ಮಾತ್ರ ಶಾಲೆಯಲ್ಲೇ ದಡ್ಡರೆನಿಸಿಕೊಂಡವರು. ಬಂದವರ ಮುಂದೆ ಬಾಯಿ ಬಿಡದ ಮಕ್ಕಳು. ಸರ್ಕಾರಿ ಶಾಲೆಯಲ್ಲಿ ಆಗಿನ್ನೂ ಅನ್ನವಿರಲಿಲ್ಲ, ತಿಂಗಳ ದುಡ್ಡೂ ಇರಲಿಲ್ಲ. ಮೂವರೂ ದಸರಾಕ್ಕೆ ಮುಂಚೆಯೇ ಅಲ್ಲಿಂದ ಕಳಚಿಕೊಂಡಿದ್ದರು. ಒಬ್ಬ ಕುರಿ ಹಿಂದೆ ಹೋದ, ಇಬ್ಬರು ಮಗ್ಗಕ್ಕೆ. ಕಾಗದದ ಮೇಲೆ ಅವರು ಇನ್ನೂ ಓದುತ್ತಲೇ ಇದ್ದರು.

ಮನೆಯಲ್ಲಿ ಪಾಲಮ್ಮ ಮಗಳ ಮಾತು ಕೇಳಿ ಕೈಗೆ ಎಣ್ಣೆ ಸವರಿಕೊಂಡಳು. ಅವಳದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೂಲಿ. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿ ಬಿಳಿಚಿ ಸುಕ್ಕಾಗಿದ್ದವು.

“ನಾನೇ ಬಂದು ಕೇಳ್ಳೇನು ನಿಮ್ಮ ಟೀಚರಮ್ಮನ್ನ?”

“ನೀನು ಕೇಳಿದ್ರೆ ಕೊಡ್ತಾರಾ?”

“ಕೊಡದಿದ್ರೆ ಕಾಲಿಡೀತೀನಿ. ಅದಕ್ಕೇನು ಕಾಸು ಕೊಡ್ಬೇಕಾ?”

ಮಾರನೆಯ ದಿನ ಕೆಲಸಕ್ಕೆ ಹೋಗುವ ಮುಂಚೆ ಪಾಲಮ್ಮ ಗೋಡೌನಿನ ಬಾಗಿಲಲ್ಲಿ ನಿಂತು ಕೇಳಿಯೇ ಕೇಳಿದಳು. ಕಾಲು ಹಿಡಿಯುವ ಪ್ರಸಂಗ ಬರಲಿಲ್ಲ. ಟೀಚರ್ “ನೋಡೋಣ ಕಣಮ್ಮ” ಅಂದರು. ಪಾಲಮ್ಮ ಅದನ್ನೇ ಬಂದು ಹೇಳಿದಳು. ನೋಡೋಣ ಅಂದರೆ ಏನೆಂದು ಆ ಬೀದಿಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಡಿತರ ಅಂಗಡಿಯವನೂ ನೋಡೋಣ ಅನ್ನುತ್ತಾನೆ, ಪಂಚಾಯಿತಿಯವನೂ ಅನ್ನುತ್ತಾನೆ.

ಮುದ್ದಕ್ಕ ತನ್ನಷ್ಟಕ್ಕೆ ಯೋಚಿಸಿದಳು. ಯೋಚಿಸಿದಷ್ಟೂ ಗೋಡೌನು ಅವಳಿಗೆ ಮಗ್ಗದ ಮನೆಯ ಹಾಗೇ ಕಂಡಿತು. ಮಗ್ಗದ ಮನೆಯಲ್ಲಿ ಕೈ ಚುರುಕಾದ ಮಕ್ಕಳನ್ನು ಯಾರೂ ಬಿಡುವುದಿಲ್ಲ. ಹೆತ್ತವರು ಬೇಡಿದರೂ ಬಿಡುವುದಿಲ್ಲ. ಬಿಡಿಸಿಕೊಳ್ಳಲು ಮಕ್ಕಳಿಗೆ ಗೊತ್ತಿದ್ದ ದಾರಿ ಒಂದೇ, ಕೆಲಸ ಕೆಡಿಸುವುದು. ಲಾಳಿ ಬೀಳಿಸಬೇಕು, ಎಳೆ ಕಡಿಯಬೇಕು, ಅಂಚಿಗೆ ತಪ್ಪು ಬಣ್ಣ ತೂರಬೇಕು. ಏಟು ಬೀಳುತ್ತದೆ, ತಿನ್ನಬೇಕು. ನಾಲ್ಕು ದಿನ ಹೀಗೆ ಮಾಡಿದರೆ ಐದನೆಯ ದಿನ ನೇಕಾರನೇ “ಲೇಸಿ ಪೋವೇ” ಎಂದು ತೆಲುಗಿನಲ್ಲಿ ಬೈದು ಎಬ್ಬಿಸಿ ಮನೆಗೆ ಅಟ್ಟುತ್ತಾನೆ. ರಾಜಣ್ಣನಿಗಿಂತ ಮೊದಲು ಒಬ್ಬ ಮುದುಕನ ಮಗ್ಗದಲ್ಲಿ ಅವಳು ಕೂತಿದ್ದಳು. ಮಾತಿಗೊಮ್ಮೆ ತೊಡೆ ಚಿವುಟುವ ಮುದುಕ. ಅಲ್ಲಿಂದ ಅವಳು ಎದ್ದು ಬಂದಿದ್ದು ಹೀಗೆಯೇ. ಮಗ್ಗದ ಮಕ್ಕಳೆಲ್ಲರಿಗೂ ಈ ವಿದ್ಯೆ ಗೊತ್ತು. ದೊಡ್ಡವರಿಗೂ ಗೊತ್ತು, ಆದರೆ ರೇಷ್ಮೆ ಹಾಳಾಗುವುದನ್ನು ಎಷ್ಟು ದಿನ ನೋಡುತ್ತಾರೆ?

ಇಲ್ಲೂ ಅಷ್ಟೇ ಅಂದುಕೊಂಡಳು. ಹೋದ ವರ್ಷ ಆಚೆ ಹೋದವರು ಓದು ಬಾರದವರು. ಚೆನ್ನಾಗಿ ಓದಿದ್ದಕ್ಕೆ ತಾನು ಇಲ್ಲೇ ಉಳಿದೆ. ಬಂದವರ ಮುಂದೆ ಒಂದು ಸಲ ಟೀಚರಿಗೆ ಮುಖಭಂಗವಾಗುವ ಹಾಗೆ ಓದಿಬಿಟ್ಟರೆ ತನ್ನನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಆಮೇಲೆ ಚಳ್ಳಕೆರೆಗೆ ಹೆಸರು ಬರೆಯಲು ಅವರಿಗೇನು ಅಡ್ಡಿ? ಅಲ್ಲಿ ಹೋಗಿ ಓದಿ ತೋರಿಸಿದರಾಯಿತು. ಹನ್ನೆರಡು ತುಂಬದ ತಲೆಗೆ ಇದು ಸರಿಯಾದ ಲೆಕ್ಕವಾಗಿಯೇ ಕಂಡಿತು. ಅದಕ್ಕಿಂತ ದೊಡ್ಡ ತಲೆಗಳು ಸರ್ಕಾರದ ಈ ಯೋಜನೆಯಲ್ಲಿ ಇದಕ್ಕಿಂತ ಕೆಟ್ಟ ಲೆಕ್ಕ ಹಾಕಿದ್ದವು.

ಮಾರ್ಚಿನಲ್ಲಿ ಜೀಪು ಬಂತು. ಇಳಿದವನು ಹೊಸ ಅಧಿಕಾರಿ, ಇನ್ನೂ ಹುಡುಗ. ಎಳನೀರು ಬೇಡವೆಂದ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಮಕ್ಕಳ ನಡುವೆ ಚಾಪೆಯ ಮೇಲೆ ಕೂತ. ಸೋಮಶೇಖರಪ್ಪನವರು ಕುರ್ಚಿಯಿಂದ ಅರ್ಧ ಎದ್ದು, ತಾವೂ ಕೆಳಗೆ ಕೂರಬೇಕೋ ಬೇಡವೋ ತಿಳಿಯದೆ ಹಾಗೇ ಸ್ವಲ್ಪ ಹೊತ್ತು ಬಗ್ಗಿ ನಿಂತಿದ್ದರು.

“ಮುದ್ದಕ್ಕ ಅಂದ್ರೆ ಯಾರಮ್ಮ?” ಅಂದ ಅಧಿಕಾರಿ.

ಟೀಚರ್ ಅವಳ ಭುಜ ತಟ್ಟಿದರು. ಅವತ್ತು ಅವರ ಕೈ ಸ್ವಲ್ಪ ಹೆಚ್ಚು ಹೊತ್ತು ಭುಜದ ಮೇಲೆ ಇತ್ತು. ಮುದ್ದಕ್ಕ ಗಮನಿಸಿದಳು, ಆದರೆ ಅದಕ್ಕೆ ಬೇರೆ ಅರ್ಥ ಹುಡುಕಲಿಲ್ಲ.

ಐದನೇ ತರಗತಿಯ ಪುಸ್ತಕ ತೆರೆದಳು. ಮೊದಲ ಸಾಲಿನಲ್ಲೇ ಒತ್ತಕ್ಷರ ನುಂಗಿದಳು. ಎರಡನೆಯ ಸಾಲಿನಲ್ಲಿ ನಿಂತಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಕೂಡಿಸಿದ್ದನ್ನು ತಪ್ಪಾಗಿ ಹೇಳಿದಳು. ತಿಪ್ಪೇಶ ಕಿಸಕ್ಕನೆ ನಕ್ಕ.

“ಹೆದರ್ಕೋಬೇಡ, ನಿಧಾನವಾಗಿ ಓದು,” ಅಂದ ಅಧಿಕಾರಿ.

ಅವಳು ಇನ್ನೂ ನಿಧಾನವಾಗಿ ಇನ್ನೂ ತಪ್ಪಾಗಿ ಓದಿದಳು. ಅವನು ಆ ಪುಸ್ತಕ ಇಸಿದುಕೊಂಡು ಎರಡನೇ ತರಗತಿಯದನ್ನು ಕೊಟ್ಟ. ಅದರಲ್ಲೂ ತಡವರಿಸಿದಳು. ಮಾಡಿದರೆ ಪೂರ್ತಿ ಮಾಡಬೇಕು. ಒಂದೇ ಎಳೆ ಕಡಿದರೆ ನೇಕಾರ ಗಂಟು ಹಾಕಿ ಮುಂದುವರಿಸುತ್ತಾನೆ.

ಟೀಚರ ಮುಖ ಬೂದಿಯಾಗಿತ್ತು. “ಓದ್ತಾಳೆ ಸಾರ್, ಚೆನ್ನಾಗಿ ಓದ್ತಾಳೆ. ಇವತ್ಯಾಕೋ...”

ಅಧಿಕಾರಿ ಚೀಲದಿಂದ ಒಂದು ಹಾಳೆ ತೆಗೆದು ನೋಡಿದ. “ಟೀಚರ್, ಚಳ್ಳಕೆರೆ ವಸತಿ ಶಾಲೆಗೆ ನೀವು ಹೆಸರು ಕಳಿಸಿರೋದು ಈ ಹುಡುಗೀದೇನಾ? ಇವಳೊಬ್ಬಳದೇ ಹೆಸರಿದೆ. ನಾನು ಬಂದಿದ್ದು ಇವಳನ್ನೇ ನೋಡೋಕೆ.”

 ಮುದ್ದಕ್ಕ ಟೀಚರ ಕಡೆ ನೋಡಿದಳು. ಟೀಚರ್ ನೆಲ ನೋಡುತ್ತಿದ್ದರು.

“ಸಾರ್, ನಾನು ಓದ್ತೀನಿ,” ಅಂದು ಅವಳು ಐದನೇ ತರಗತಿಯ ಪುಸ್ತಕ ಕಿತ್ತುಕೊಂಡ ಹಾಗೆ ತೆಗೆದುಕೊಂಡಳು. ಓದಿದಳು. ಉಸಿರು ಕಟ್ಟಿ, ನೀರು ಸುರಿದ ಹಾಗೆ, ಒಂದು ಪುಟ, ಇನ್ನೊಂದು ಪುಟ. ಅಧಿಕಾರಿ ಸ್ವಲ್ಪ ಹೊತ್ತು ಕೇಳಿದ, ಆಮೇಲೆ ಪುಸ್ತಕದ ಮೇಲೆ ತನ್ನ ಅಂಗೈ ಮುಚ್ಚಿದ. ಮುದ್ದಕ್ಕ ನಿಲ್ಲಿಸಲಿಲ್ಲ. ಬಂದವರ ಮುಂದೆಲ್ಲ ಓದಿ ಓದಿ ಆ ಪಾಠ ಅವಳಿಗೆ ಬಾಯಿಗೇ ಬಂದಿತ್ತು. ಅವನ ಅಂಗೈಯ ಕೆಳಗಿದ್ದ ಸಾಲುಗಳನ್ನೂ ಹೇಳಿಕೊಂಡು ಹೋದಳು. ನಿಲ್ಲಿಸಬೇಕಿತ್ತೆಂದು ತಿಳಿಯುವಷ್ಟರಲ್ಲಿ ನಾಲ್ಕು ಸಾಲು ಆಗಿಹೋಗಿತ್ತು.

“ಬಾಯಿಪಾಠ,” ಅಂದ ಅಧಿಕಾರಿ. ಸಿಟ್ಟಿನಿಂದ ಹೇಳಲಿಲ್ಲ. ದಣಿದವನ ಹಾಗೆ ಹೇಳಿದ. “ಇದು ನಾಲ್ಕನೇ ಸೆಂಟರ್ ಟೀಚರ್. ಎಲ್ಲಾ ಕಡೆ ಇದೇ. ಒಂದು ಮಗುಗೆ ಒಂದು ಪಾಠ ಉರು ಹೊಡೆಸಿ ಇಟ್ಟಿರ್ತೀರ.”

“ಬೇಕಂತಲೇ ತಪ್ಪು ಓದಿದ್ದು ಸಾರ್ ಮೊದ್ಲು,” ಅಂದಳು ಮುದ್ದಕ್ಕ.

“ಯಾಕಮ್ಮ ಬೇಕಂತ ತಪ್ಪು ಓದಿದೆ?”

ಅದಕ್ಕೆ ಉತ್ತರ ಇತ್ತು. ಆ ಉತ್ತರದಲ್ಲಿ ಟೀಚರಿದ್ದರು, ಅಕ್ಕಿ ಆರಿಸುತ್ತಾ ಅವರು ಆಡಿದ ಮಾತಿತ್ತು. ಅವಳು ಪುಸ್ತಕ ಮುಚ್ಚಿ ಚಾಪೆಯ ಮೇಲಿಟ್ಟಳು. ಅಧಿಕಾರಿ ಚೀಲದಿಂದ ಅವತ್ತಿನ ಪೇಪರು ತೆಗೆದು ಕೊಟ್ಟ. “ಇದನ್ನ ಓದು ನೋಡಣ.” ಅವಳು ಅಲ್ಲಿಯವರೆಗೆ ಪೇಪರು ಹಿಡಿದು ಓದಿದವಳಲ್ಲ. ಸಣ್ಣ ಅಕ್ಷರ, ಬಂಡವಾಳ ಹಿಂತೆಗೆತದ ಸುದ್ದಿ. ಎರಡು ಸಾಲು ಹೇಗೋ ಓದಿದಳು. ಹಾಗೆಂದರೇನು ಎಂದು ಅವನು ಕೇಳಿದ. ಗೊತ್ತಿರಲಿಲ್ಲ. ಸೋಮಶೇಖರಪ್ಪನವರಿಗೂ ಗೊತ್ತಿರಲಿಲ್ಲ, ಅವರನ್ನು ಯಾರೂ ಕೇಳಲಿಲ್ಲ.

“ತಪ್ಪು ನಿಂದಲ್ಲಮ್ಮ,” ಅಂದು ಅಧಿಕಾರಿ ಅವಳ ತಲೆ ಸವರಿ ಎದ್ದ. ಒಳ್ಳೆಯ ಮನುಷ್ಯ. ನಿಜವಾಗಿಯೂ ಮಕ್ಕಳ ಒಳಿತು ಬಯಸಿದವನು. ಆ ಕಾರಣಕ್ಕೇ ಅವನು ಮೋಸ ಹೋಗಲು ಸಿದ್ಧನಿರಲಿಲ್ಲ. ಚಳ್ಳಕೆರೆಗೆ ಈ ಕೇಂದ್ರದಿಂದ ಯಾರೂ ತಯಾರಾಗಿಲ್ಲವೆಂದು ಬರೆದುಕೊಂಡು ಹೋದ.

ಜೀಪಿನ ಧೂಳು ಅಡಗುವ ಮುಂಚೆ ಸೋಮಶೇಖರಪ್ಪನವರು ಟೀಚರನ್ನು ಎಲ್ಲರೆದುರೇ ಬೈದು ಸ್ಕೂಟರ್ ಹತ್ತಿದರು. ಮಕ್ಕಳು ತಟ್ಟೆ ಹಿಡಿದು ಅನ್ನಕ್ಕೆ ಸಾಲು ನಿಂತರು. ಕಮಲಾಕ್ಷಮ್ಮ ಮುದ್ದಕ್ಕನನ್ನು ಗೋಡೌನಿನ ಹಿಂದಕ್ಕೆ ಎಳೆದುಕೊಂಡು ಹೋದರು.

“ಏನೇ ಅದು ನೀನು ಮಾಡಿದ್ದು?”

ಮುದ್ದಕ್ಕ ಹೇಳಿದಳು. ಮಗ್ಗದ ವಿಷಯ, ಎಳೆ ಕಡಿಯುವ ವಿಷಯ, ಹೋದ ವರ್ಷದ ಮೂವರ ವಿಷಯ. ಒಂದನ್ನೂ ಮುಚ್ಚಿಡಲಿಲ್ಲ. ಕಮಲಾಕ್ಷಮ್ಮ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಗೋಡೆಗೆ ಊರಿ ನಿಂತರು.

“ನಿಮ್ಮವ್ವ ಬಂದು ಕೇಳಿ ಹೋದ ದಿನಾನೇ ಬರೆದೆ ಕಣೆ ನಿನ್ನ ಹೆಸರು. ಅಧ್ಯಕ್ಷರು ಬ್ಯಾಡ ಅಂದ್ರು. ಅವರಿಗೆ ಗೊತ್ತಾಗದಂಗೆ ಅಂಚೆಗೆ ಹಾಕ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ ಟೀಚರ್?”

“ಹೇಳಿದ್ರೆ ಹೆದರಿ ತಪ್ಪು ಓದ್ತೀಯ ಅಂತ.”

 ಒಳಗಿನಿಂದ ಸಾರಿನ ಸೌಟು ಪಾತ್ರೆಗೆ ಬಡಿಯುವ ಸದ್ದು ಬರುತ್ತಿತ್ತು.

“ನೀವು ಒಂದು ಕಾಗ್ದ ಬರೀರಿ ಟೀಚರ್. ಆ ಸಾರಿಗೆ. ನಂಗೆ ಓದಾಕೆ ಬರ್ತೈತೆ ಅಂತ.”

“ನಾನು ಬರೆದ್ರೆ ನಂಬ್ತಾರೇನೆ ಇನ್ನು?” ಅಂದರು ಕಮಲಾಕ್ಷಮ್ಮ. ಆದರೂ ಬರೆದರು. ಉತ್ತರ ಬರಲಿಲ್ಲ.

ಪಾಲಮ್ಮ ವಿಷಯ ತಿಳಿದು ಮಗಳನ್ನು ಹೊಡೆಯಲಿಲ್ಲ. ಒಲೆಯ ಮುಂದೆ ಕೂತು ಒಂದೇ ಮಾತು ಅಂದಳು. “ನಿನ್ನ ಜಾಣತನ ನಿಂಗೇ ಬೆಂಕಿ ಹಾಕ್ತಲ್ಲೇ.” ಆಮೇಲೆ ತಟ್ಟೆಗೆ ಮುದ್ದೆ ಹಾಕಿ ಅವಳ ಮುಂದೆ ತಳ್ಳಿದಳು. ಅವಳ ದನಿಯಲ್ಲಿ ದುಃಖದ ಜೊತೆಗೆ ಇನ್ನೇನೋ ಇತ್ತು. ಮಗಳು ಮನೆಯಲ್ಲೇ ಉಳಿದಳೆಂಬ ಸಮಾಧಾನವಿದ್ದೀತು. ಮುದ್ದಕ್ಕನಿಗೆ ಅದು ಗೊತ್ತಾಯಿತು, ಗೊತ್ತಾಗದಿದ್ದರೆ ಚೆನ್ನಾಗಿರುತ್ತಿತ್ತು.

ಜೂನ್ ಬಂತು, ಅವಳಿಗೆ ಕಾಗದದ ಮೇಲೆ ಹನ್ನೆರಡು ದಾಟಿತು. ಆ ವರ್ಷ ಕೇಂದ್ರದಿಂದ ಸರ್ಕಾರಿ ಶಾಲೆಗೆ ದಾಟಿಸುವವರ ಸಾಲಿನಲ್ಲಿ ಅವಳ ಹೆಸರೂ ಇತ್ತು. ಅವಳು ಬಯಸಿದ್ದ ಹಾಗೆಯೇ ಗೋಡೌನು ಅವಳನ್ನು ಬಿಟ್ಟುಕೊಟ್ಟಿತು. ಅಧಿಕಾರಿ ಬರೆದುಕೊಂಡು ಹೋದ ಮಟ್ಟಕ್ಕೆ ತಕ್ಕ ಹಾಗೆ ಮೂರನೇ ತರಗತಿ. ಸೋಮಶೇಖರಪ್ಪನವರು ದಾಟಿದ ಮಕ್ಕಳಿಗೆಲ್ಲ ಒಂದೊಂದು ಸ್ಲೇಟು ಕೊಟ್ಟು ಫೋಟೊ ತೆಗೆಸಿದರು. ‘ಮುಖ್ಯವಾಹಿನಿಗೆ ಬಾಲಕಾರ್ಮಿಕರು’ ಎಂದು ಜಿಲ್ಲಾ ಪತ್ರಿಕೆಯಲ್ಲಿ ಬಂತು. ಫೋಟೊದಲ್ಲಿ ಉಳಿದವರು ಮುದ್ದಕ್ಕನ ಎದೆಮಟ್ಟಕ್ಕೆ ಬರುತ್ತಿದ್ದರು. ಕಮಲಾಕ್ಷಮ್ಮ ಫೋಟೊಗೆ ಬಂದಿರಲಿಲ್ಲ. ಯುಗಾದಿಯ ಹೊತ್ತಿಗೇ ಅವರನ್ನು ಬಿಡಿಸಿ, ಅಧ್ಯಕ್ಷರ ತಮ್ಮನ ಹೆಂಡತಿಯನ್ನು ಟೀಚರ್ ಮಾಡಿದ್ದರು.

ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರರವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಹೆಸರು ಪ್ರಭು. ಎರಡನೆಯ ವಾರದಲ್ಲೇ ಅವರಿಗೆ ಗೊತ್ತಾಯಿತು.

“ಏ ಹುಡುಗಿ, ಇಷ್ಟು ಚೆನ್ನಾಗಿ ಓದ್ತೀಯ. ಮೂರನೇ ಕ್ಲಾಸಲ್ಲಿ ನಿಂಗೇನೇ ಕೆಲಸ?”

“ಆರಕ್ಕೆ ಹಾಕ್ರಿ ಸಾರ್ ನನ್ನ.”

“ಹಂಗೆಲ್ಲ ಹಾಕಾಕೆ ಬರಲ್ಲಮ್ಮ, ಮೇಲಿಂದ ಆರ್ಡರ್ ಬರ್ಬೇಕು. ಹೆಡ್ ಮೇಷ್ಟ್ರ ಹತ್ರ ಮಾತಾಡಿ ನೋಡೋಣ.” ಸೀಮೆಸುಣ್ಣದ ತುಂಡೊಂದನ್ನು ಅವಳ ಕೈಗೆ ಕೊಟ್ಟರು. “ಈಗ ಇವರಿಗೆ ಕಾಗುಣಿತ ತಿದ್ದಿಸ್ತಾ ಇರು. ವೋಟರ್ ಪಟ್ಟಿ ಕೆಲಸ ಐತೆ, ಒಂದು ಸುತ್ತು ಹೋಗಿ ಬರ್ತೀನಿ.”

ವೋಟರ್ ಪಟ್ಟಿ ಮುಗಿದ ಮೇಲೆ ಪೋಲಿಯೊ ಹನಿ ಬಂತು, ಅದಾದ ಮೇಲೆ ತರಬೇತಿ. ಮುದ್ದಕ್ಕ ಬೆಳಿಗ್ಗೆ ಹಾಜರಿ ಕೂಗುತ್ತಿದ್ದಳು, ಕಾಗುಣಿತ ಹೇಳಿಸುತ್ತಿದ್ದಳು, ಚಡ್ಡಿ ಒದ್ದೆ ಮಾಡಿಕೊಂಡವರನ್ನು ಮನೆಗೆ ಕಳಿಸುತ್ತಿದ್ದಳು. ಪಾಲಮ್ಮ ಒಂದು ದಿನ ಕೇಳಿದಳು: “ಅನ್ನ ಇಲ್ಲ, ದುಡ್ಡಿಲ್ಲ. ಇಷ್ಟು ಮಾಡಾದು ಮಗ್ಗದಾಗೆ ಮಾಡಿದ್ರೆ ಕೂಲಿನಾದ್ರೂ ಬರ್ತಿತ್ತು.”  ಮುದ್ದಕ್ಕ ಅಲ್ಲಿಗೆ ಹೋಗುತ್ತಿದ್ದುದು ಪಕ್ಕದ ಕೋಣೆಗಾಗಿ. ಪಕ್ಕದ್ದು ಆರನೇ ತರಗತಿ. ನಡುವಿನ ಗೋಡೆ ಸೂರಿನ ತನಕ ಇರಲಿಲ್ಲ.

ಆ ದಿನ ಅಲ್ಲಿ ವಿಜ್ಞಾನದ ಪಾಠ ನಡೆದಿತ್ತು. ಮಣ್ಣು ಹೇಗೆ ಆಗುತ್ತದೆಂದು ಆ ಮೇಷ್ಟ್ರು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು. ಮುದ್ದಕ್ಕ ಬೋರ್ಡಿನ ಮೇಲೆ ಕಾಗುಣಿತ ಬರೆದಿಟ್ಟು, ಗೋಡೆಗೆ ಒರಗಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಬಂಡೆ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಆಮೇಲೆ—

ಒಂದನೇ ತರಗತಿಯ ಮಕ್ಕಳು ಬಳಪಕ್ಕಾಗಿ ಕಿತ್ತಾಡಿ ಗಲಾಟೆ ಎಬ್ಬಿಸಿದರು. ಸುಮ್ಮನಿರಿ ಅಂದಳು. ಸುಮ್ಮನಾಗಲಿಲ್ಲ. ಆಮೇಲೆ ಏನಾಯಿತೆಂದು ಕೇಳಿಸಲಿಲ್ಲ. ಮೇಷ್ಟ್ರ ಕುರ್ಚಿಯ ಹಿಂದೆ ಬೆತ್ತವಿತ್ತು. ತೆಗೆದುಕೊಂಡು, ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ ಐದಾರು ವರ್ಷದ ಹುಡುಗಿಯ ಅಂಗೈಗೆ ಬಾರಿಸಿದಳು. ಹುಡುಗಿ ಬಿಕ್ಕಿದಾಗ ಇನ್ನೊಂದು ಬಾರಿಸಿದಳು.

ಕೋಣೆ ಗಪ್‌ಚಿಪ್ಪಾಯಿತು. ಅವಳು ಮತ್ತೆ ಗೋಡೆಗೆ ಕಿವಿ ಕೊಟ್ಟಳು. ಆಚೆ ಕಡೆ ಪಾಠ ಮುಗಿದು ಹೋಗಿತ್ತು, ಮಕ್ಕಳು ಪುಸ್ತಕ ಮುಚ್ಚುತ್ತಿದ್ದರು.